ನರ ಸಿಗದ ಸೋಮವಾರ

ರಕ್ತ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನ ಮನೆಗೆ ಬಂದರೆ ಕೇಳುವುದು ಒಂದೇ ಪ್ರಶ್ನೆ. "ಬಾಯಾರ, ನರ ಸಿಗದಿದ್ದರ ಏನ್ ಮಾಡಬೇಕ್ರಿ?" ನಾನು ಮೊದಲು ಚಹಾಕ್ಕಿಡುತ್ತೇನೆ. ಯಾಕೆಂದರೆ ಇದಕ್ಕೆ ಉತ್ತರ ಪಾರ್ವತೆವ್ವನ ಎಡಗೈ ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಆ ಕೈಯ ಕಥೆ ಒಂದು ಕಪ್ ಚಹಾದಲ್ಲಿ ಮುಗಿಯುವುದೂ ಇಲ್ಲ. ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಈಗ ಬರೆದಿಡುತ್ತಿದ್ದೇನೆ, ಓದಿಕೊಳ್ಳಿ, ಚಹಾ ನೀವೇ ಮಾಡಿಕೊಳ್ಳಿ.

ನಾನು ಸರಕಾರಿ ಲ್ಯಾಬಿನಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದವಳು. ಕಲಘಟಗಿಯಲ್ಲಿ ಶುರು, ಕುಂದಗೋಳದಲ್ಲಿ ನಡುವಯಸ್ಸು, ಕೊನೆಗೆ ಅಣ್ಣಿಗೇರಿ-ನವಲಗುಂದ ಕಡೆಯ ಒಂದು ತಾಲೂಕಾ ಆಸ್ಪತ್ರೆ. ಬಡ್ತಿ ಯಾವಾಗ ಬಂತು ಎಂಬುದು ಪಿಂಚಣಿ ಕಚೇರಿಗೆ ಗೊತ್ತಿದೆ, ನಿಮಗೆ ಬೇಡ. ನಾನು ಸೇರಿದಾಗ ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸುತ್ತಿದ್ದೆವು, ಸೂಜಿ ಮೊಂಡಾದರೆ ಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಈಗ ಪೊಟ್ಟಣ ಹರಿದರೆ ಹೊಸ ಸೂಜಿ, ಬಣ್ಣಬಣ್ಣದ ಮುಚ್ಚಳದ ಟ್ಯೂಬು. ಎಲ್ಲ ಬದಲಾಯಿತು, ಮನುಷ್ಯನ ತೋಳು ಮಾತ್ರ ಬದಲಾಗಲಿಲ್ಲ. ಅದು ಅಂದೂ ಹಟಮಾರಿ, ಇಂದೂ ಹಟಮಾರಿ.

ನಾನು ನಿವೃತ್ತಳಾಗುವುದಕ್ಕೆ ಸ್ವಲ್ಪ ಮೊದಲಿನ ಮಾತು. ಅಂದು ಸೋಮವಾರ. ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರ ವ್ಯಾನು ನಮ್ಮ ಆವರಣದ ಬೇವಿನ ಮರದ ಕೆಳಗೆ ಬಂದು ನಿಂತಿತ್ತು. ಪೊರೆ ಬಂದವರನ್ನು ಕರೆದೊಯ್ದು, ಪುಕ್ಕಟೆ ಆಪರೇಷನ್ ಮಾಡಿಸಿ, ತಿರುಗಿ ತಂದು ಬಿಡುವ ವ್ಯಾನು. ಆದರೆ ರಕ್ತದ ವರದಿ ಕೈಯಲ್ಲಿಲ್ಲದೆ ಯಾರನ್ನೂ ಹತ್ತಿಸುವಂತಿಲ್ಲ. ಮಧ್ಯಾಹ್ನ ಅದು ಹೊರಟಿತೆಂದರೆ ಮತ್ತೆ ಬರುವುದು ಸುಗ್ಗಿ ಮುಗಿದ ಮೇಲೇ.

ಎಲ್ಲರ ರಕ್ತ ತೆಗೆದು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಶಲವಡಿಯಿಂದ ಇಬ್ಬರು ಮುದುಕಿಯರು ಬಂದರು. ಮುಂದೆ ನೀಲವ್ವ, ಅವಳ ಕೈ ಹಿಡಿದು ಹಿಂದೆ ಪಾರ್ವತೆವ್ವ. ಇಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದ ನೆಗೆಣ್ಣಿಯರು, ಹಿರಿಯಳು ಪಾರ್ವತೆವ್ವ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಜಗಳ. ನೀಲವ್ವ ಒಳಗೆ ಬಂದವಳೇ ಗೋಡೆಗೆ ನೇತುಹಾಕಿದ್ದ ನನ್ನ ಬಿಳಿ ಕೋಟಿಗೆ ಕೈಮುಗಿದು, "ಶರಣ್ರೀ ಡಾಕ್ಟರ್ರ," ಎಂದಳು. ಎಂಥ ಚೇಷ್ಟೆಯ ಮುದುಕಿ ಎಂದು ನಾನು ಬಿದ್ದು ಬಿದ್ದು ನಕ್ಕೆ. ಅವಳೂ ನಕ್ಕಳು.

"ಯಾರಿಗ್ರಿ ಆಪರೇಷನ್?" ಎಂದೆ.

"ನಂಗರಿ," ಎಂದಳು ಪಾರ್ವತೆವ್ವ. "ಎರಡೂ ಕಣ್ಣಾಗ ಪೊರಿ. ಏನಾರ ಮಾಡ್ರಿ ಬಾಯಾರ, ಇವತ್ತ ನನ್ನ ಗಾಡಿ ಹತ್ತಸ್ರಿ. ಸುಗ್ಗಿತನಾ ಕುಂತ್ರ ಈಕಿ ನನ್ನ ಮುಳಗಿಸಿ ಬಿಡ್ತಾಳ."

"ಏನ್ ಮಾಡ್ತಾಳ್ರಿ ಈಕಿ?"

"ಚೌಕಾಬಾರಾದಾಗ ಕವಡಿ ಸುಳ್ಳ ಎಣಸ್ತಾಳ್ರಿ! ನಂಗ ಕಾಣವಲ್ದು ಅಂತ ಗೊತ್ತೈತಿ. ಮೂರು ಬಿದ್ರ ಎರಡಂತಾಳ, ಎಂಟರ ಬಾರಾ ಬಿದ್ರ ನಾಕರ ಚೌಕ ಅಂತಾಳ. ನನ್ನ ಕಾಯಿ ಒಂದರ ಹಣ್ಣಾಗೇತೇನ್ ಕೇಳ್ರಿ. ಕಣ್ಣ ಬರ್ಲಿ, ತೋರಸ್ತೀನಿ."

ಕಣ್ಣಿನ ಆಪರೇಷನ್ನಿಗೆ ನಾನು ಕೇಳಿದ ಕಾರಣಗಳಲ್ಲೆಲ್ಲ ಇಷ್ಟು ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ನೀಲವ್ವ ಬಾಜು ನಿಂತು ಸೆರಗಿನಲ್ಲಿ ನಗುತ್ತಿದ್ದಳು. "ನೀವೂ ಕಣ್ಣು ತೋರಸ್ರಿ," ಎಂದರೆ, "ನಂಗ ಎಲ್ಲಾ ನಿಚ್ಚಳ ಕಾಣತೈತ್ರಿ, ನಾ ಈಕಿನ್ನ ಕರಕೊಂಡ್ ಬಂದಾಕಿ," ಎಂದಳು.

ಪಾರ್ವತೆವ್ವನನ್ನು ಕುರ್ಚಿಯಲ್ಲಿ ಕೂರಿಸಿ ತೋಳು ಚಾಚಿಸಿದೆ. ಮುಂಗೈ ತುಂಬ ಹಚ್ಚೆ. ಹಸಿರು ಬಳ್ಳಿ, ಚುಕ್ಕಿ, ಒಂದು ತೊಟ್ಟಿಲು. ಹೊಸಬರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ಕಲಘಟಗಿಯಲ್ಲಿ ಸೇರಿದ ಹೊಸತರಲ್ಲಿ ಇಂಥವಳೇ ಒಬ್ಬ ಅಜ್ಜಿಯ ಕೈಯಲ್ಲಿ ಎದ್ದು ಕಾಣುವ ಹಸಿರು ನರ ನೋಡಿ ಹಿಗ್ಗಿಬಿಟ್ಟಿದ್ದೆ. ಆಹಾ, ಎಂಥ ನರ, ನೇರ, ಉದ್ದ, ಅಲುಗಾಡುವುದೂ ಇಲ್ಲ! ಚುಚ್ಚಿದೆ. ಒಂದು ಹನಿಯೂ ಬರಲಿಲ್ಲ. ಅಜ್ಜಿ ಅಗದಿ ಸಮಾಧಾನದಿಂದ, "ತಂಗಿ, ಅದು ನಮ್ಮವ್ವ ಹಚ್ಚಿ ಹಾಕ್ಸಿದ್ದು. ಅದರಾಗ ರಕ್ತ ಬರೂದಿಲ್ಲ," ಎಂದಳು. ಅಂದಿನಿಂದ ನಾನು ಕಣ್ಣನ್ನು ನಂಬುವುದು ಬಿಟ್ಟು ಬೆರಳನ್ನು ನಂಬಿದೆ. ನರ ನೋಡುವ ವಸ್ತುವಲ್ಲ, ಮುಟ್ಟುವ ವಸ್ತು. ತೋರುಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಅದು ತಿರುಗಿ ಪುಟಿಯಬೇಕು. ಪುಟಿಯದಿದ್ದರೆ ಅದು ಸ್ನಾಯುವೋ, ಹಚ್ಚೆಯೋ, ನಿಮ್ಮ ಆಸೆಯೋ ಆಗಿರುತ್ತದೆ.

ಪಾರ್ವತೆವ್ವನ ತೋಳಿನಲ್ಲಿ ಏನೂ ಪುಟಿಯಲಿಲ್ಲ. ಬಲಗೈಯಂತೂ ಹಿಂದೆ ಮುರಿದು ಸೊಟ್ಟ ಕೂಡಿಕೊಂಡಿದ್ದರಿಂದ ಲೆಕ್ಕಕ್ಕಿಲ್ಲ. ಬೆರಳ ತುದಿಗೆ ಚುಚ್ಚಿ ಹನಿ ತೆಗೆದರೆ ಸಕ್ಕರೆಯಷ್ಟೇ ತಿಳಿಯುತ್ತಿತ್ತು, ಆಪರೇಷನ್ನಿಗೆ ಬೇಕಾದ ಮಿಕ್ಕ ಪರೀಕ್ಷೆಗಳಿಗೆ ನರದ ರಕ್ತವೇ ಬೇಕು. ಎಡಗೈಗೆ ರಬ್ಬರ್ ಪಟ್ಟಿ ಬಿಗಿದೆ. ಹುಡುಕಿ ಹುಡುಕಿ ಒಂದು ಸಣ್ಣ ಎಳೆ ಬೆರಳಿಗೆ ಸಿಕ್ಕಿತು. ಚುಚ್ಚಿ ಟ್ಯೂಬು ಹಚ್ಚಿದೆ. ರಕ್ತ ಇಣುಕಿ ನೋಡಿ, ಏನೋ ನೆನಪಾದವರ ಹಾಗೆ ಅಲ್ಲೇ ನಿಂತುಬಿಟ್ಟಿತು. ಸೂಜಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದೆ, ಒಂಚೂರು ತಿರುಗಿಸಿದೆ. ಊಹೂಂ. ಈಗಿನ ಟ್ಯೂಬುಗಳೊಳಗೆ ಗಾಳಿ ಇರುವುದಿಲ್ಲ, ಅವು ರಕ್ತವನ್ನು ತಾವೇ ಜೋರಾಗಿ ಎಳೆದುಕೊಳ್ಳುತ್ತವೆ. ಹರೆಯದ ನರ ಅದನ್ನು ತಡೆದುಕೊಳ್ಳುತ್ತದೆ. ಮುದುಕರ ತೆಳು ನರ ಕಾಗದದ ನಳಿಗೆಯಂತೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಹತ್ತಿ ಒತ್ತಿದೆ.

"ಆತೇನ್ರಿ?" ಎಂದಳು ಪಾರ್ವತೆವ್ವ.

"ಇಲ್ರಿ. ಬೆಳಿಗ್ಗೆ ಏನ್ ತಿಂದ್ರಿ?"

"ಏನೂ ಇಲ್ಲ. ಖಾಲಿ ಹೊಟ್ಟಿಲೆ ಬರ್ರಿ ಅಂದಿದ್ಲಂತ ಊರ ಆಶಾ ಕಾರ್ಯಕರ್ತಿ. ನಿನ್ನಿ ರಾತ್ರಿಯಿಂದ ಒಂದ ಗುಟುಕು ನೀರ ಇಳಿಸಿಲ್ಲರಿ. ಮ್ಯಾಲ ಸೋಮವಾರ."

ನಾನು ಹಣೆ ಹಣೆ ಬಡಿದುಕೊಂಡೆ. ಈ "ಖಾಲಿ ಹೊಟ್ಟೆ" ಎಂಬುದು ನನ್ನನ್ನು ಸೇವೆಯುದ್ದಕ್ಕೂ ಕಾಡಿದ ಪಿಶಾಚಿ. ಮೊದಮೊದಲು ನಾನು "ಉಪವಾಸ ಬರ್ರಿ" ಎನ್ನುತ್ತಿದ್ದೆ. ಕುಂದಗೋಳದಲ್ಲಿದ್ದಾಗ ಸಂಶಿಯಿಂದ ಒಬ್ಬ ನಿವೃತ್ತ ಮಾಸ್ತರರು ಬಂದರು, ಮಡಿಯ ಮನುಷ್ಯ. ವರದಿಯಲ್ಲಿ ಅವರ ಸಕ್ಕರೆ ಮಾಡಿನ ತನಕ ಏರಿತ್ತು. "ಮಾಸ್ತರ, ತಿಂದು ಬಂದೀರೇನ್ರಿ?" ಎಂದು ಕೇಳಿದ್ದಕ್ಕೆ ಕೆಂಡವಾದರು. "ಏನ್ ಮಾತಾಡ್ತೀರಿ? ಶುದ್ಧ ಉಪವಾಸ ಇದ್ದೀನಿ! ಸಾಬೂದಾಣಿ ಖಿಚಡಿ, ಎರಡು ಬಾಳಿಹಣ್ಣು, ಒಂದ ಶೇಂಗಾ ಉಂಡಿ, ಒಂದ ವಾಟಗಾ ಹಾಲು. ಅನ್ನದ ಅಗಳು ಮುಟ್ಟಿಲ್ಲ!" ಏಕಾದಶಿಯ ಲೆಕ್ಕದಲ್ಲಿ ಅವರದು ಪಕ್ಕಾ ಉಪವಾಸವೇ, ಯಾರೂ ತಪ್ಪು ಹಿಡಿಯುವಂತಿಲ್ಲ. ಅಂದಿನಿಂದ ಉಪವಾಸ ಎನ್ನುವುದು ಬಿಟ್ಟು "ಬಾಯಾಗ ಏನೂ ಹಾಕಬ್ಯಾಡ್ರಿ" ಎನ್ನತೊಡಗಿದೆ. ಆಗ ಜನ ನೀರೂ ಕುಡಿಯದೆ ಒಣಗಿದ ಹೀರೇಕಾಯಿಯಾಗಿ ಬಂದರು. ಒಬ್ಬನಂತೂ ಹಲ್ಲೂ ತಿಕ್ಕಿರಲಿಲ್ಲ, ಮಾತಾಡುವಾಗ ನಾನೇ ಹಿಂದೆ ಸರಿಯಬೇಕಾಯಿತು. ಹೀಗಾಗಿ ನಿಮಗೆ ನನ್ನ ಮೊದಲ ಕಿವಿಮಾತು: ಖಾಲಿ ಹೊಟ್ಟೆ ಬೇಕಾದಲ್ಲಿ "ನೀರು ಧಾರಾಳ ಕುಡೀರಿ, ನೀರೊಂದ ಬಿಟ್ಟು ಬ್ಯಾರೆ ಏನೂ ಬ್ಯಾಡ" ಎಂದು ಬಿಡಿಸಿ ಹೇಳಿ. ಮೈಯಲ್ಲಿ ನೀರಿಲ್ಲದಿದ್ದರೆ ನರ ಬತ್ತಿದ ಹಳ್ಳ. ಪಾರ್ವತೆವ್ವನ ಪರೀಕ್ಷೆಗಂತೂ ಖಾಲಿ ಹೊಟ್ಟೆಯ ಅಗತ್ಯವೇ ಇರಲಿಲ್ಲ.

ತಂಬಿಗೆ ನೀರು ಕೊಟ್ಟೆ. ಪಾರ್ವತೆವ್ವ ಮುಖ ತಿರುಗಿಸಿದಳು. "ಬ್ಯಾಡ್ರಿ. ನೀರ ಕುಡದ್ರ ರಕ್ತ ತೆಳ್ಳಗಾಗಿ ಫೇಲ್ ಆಗತೈತಿ."

"ಕುಡಿ ಯಕ್ಕಾ," ಎಂದಳು ನೀಲವ್ವ. "ಡೇರಿಗೆ ಹಾಕೂ ಹಾಲಿಗೆ ನೀರ ಕೂಡಸಾಕಿ, ನಿಂಗ ನಾ ಹೇಳಿಕೊಡಬೇಕನ?"

ಪಾರ್ವತೆವ್ವ ಹಲ್ಲು ಕಡಿದು ಇಡೀ ತಂಬಿಗೆ ಕುಡಿದಳು. ಅಷ್ಟರಲ್ಲಿ ಚುಚ್ಚಿದ ಜಾಗದಲ್ಲಿ ಸಣ್ಣ ನೀಲಿ ಗುಬುಟು ಏಳುತ್ತಿರುವುದು ನನ್ನ ಕಣ್ಣಿಗೆ ಬಿತ್ತು. ಪಟ್ಟಿ ಬಿಚ್ಚಿದ್ದೇನೆ, ಹತ್ತಿ ಒತ್ತಿದ್ದೇನೆ, ಆದರೂ ಏಕೆ? ಆಮೇಲೆ ಹೊಳೆಯಿತು. ಕುಬಸದ ತೋಳು! ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ಖಣದ ಕುಬಸ ನಿಮಗೆ ಗೊತ್ತೇ ಇದೆ. ಮೊಣಕೈ ತನಕ ಬರುವ ತೋಳು, ಒಳಗೆ ಗಾಳಿಯೂ ಆಡದಷ್ಟು ಬಿಗಿ. ನಾನು ರಬ್ಬರ್ ಪಟ್ಟಿ ಬಿಚ್ಚಿದರೂ ಮೇಲೆ ಕುಬಸ ತನ್ನ ಪಟ್ಟಿ ಬಿಚ್ಚಿರುವುದಿಲ್ಲ. ರಕ್ತ ಮೇಲಕ್ಕೆ ಹೋಗಲಾರದೆ, ಚುಚ್ಚಿದ ತೂತಿನಿಂದ ಚರ್ಮದಡಿ ಸೋರುತ್ತದೆ. ಕುಂದಗೋಳದಲ್ಲಿ ಇದು ತಿಳಿಯುವ ಮೊದಲು ಒಬ್ಬ ಗೌಡತಿಯ ತೋಳು ಬದನೆಕಾಯಿ ಬಣ್ಣಕ್ಕೆ ತಿರುಗಿ, ಅವಳ ಮಕ್ಕಳು ಟ್ರ್ಯಾಕ್ಟರಿನಲ್ಲಿ ಬಂದು ನನ್ನ ಲ್ಯಾಬಿನ ಮುಂದೆ ನಿಂತಿದ್ದರು. ಗೌಡತಿಯೇ ಅವರನ್ನು ಬೈದು ಮನೆಗೆ ಅಟ್ಟಿದ್ದರಿಂದ ನಾನಿನ್ನೂ ಇದ್ದೇನೆ. ಯಾವ ಪಠ್ಯದಲ್ಲೂ ಕುಬಸದ ವಿಷಯ ಇಲ್ಲ. ಪಠ್ಯ ಬರೆದವರು ಖಣದ ಕುಬಸ ತೊಟ್ಟವರಲ್ಲ.

"ಕುಬಸ ಬದಲಿಸಬೇಕ್ರಿ," ಎಂದೆ.

"ಹುಬ್ಬಳ್ಳಿಗೆ ಹೋಗಾಕಂತ ಹೊಲಿಸಿದ ಹೊಸಾ ಕುಬಸ!" ಎಂದು ಪಾರ್ವತೆವ್ವ ಎದೆ ಹಿಡಿದುಕೊಂಡಳು.

ನೀಲವ್ವ, "ನಂದು ಸಡ್ಲ ಐತಿ, ಹಾಕ್ಕೊ ಬಾ," ಎಂದು ಅವಳನ್ನು ಎಳೆದುಕೊಂಡು ಪರದೆಯ ಹಿಂದೆ ಹೋದಳು. ಮುಂದಿನದನ್ನು ನಾನು ಕಿವಿಯಿಂದಲೇ ಅನುಭವಿಸಿದೆ. ಒಳಗೆ ಕುಸ್ತಿ ನಡೆದ ಸದ್ದು. "ಎತ್ತ ಬೇ ಕೈ!" "ನನ್ನ ಕೈ ಅಲ್ಲ ಅದು, ನಿಂದ!" ಪರದೆ ಒಮ್ಮೆ ಈ ಕಡೆ ಉಬ್ಬಿತು, ಒಮ್ಮೆ ಆ ಕಡೆ. ಹೊರಗೆ ವ್ಯಾನಿನವನ ಮೊದಲ ಹಾರ್ನು. ಕೊನೆಗೆ ಹೊರಬಂದಾಗ ಪಾರ್ವತೆವ್ವ ಸಡಿಲ ಕುಬಸದಲ್ಲಿ ಆರಾಮಾಗಿದ್ದಳು. ನೀಲವ್ವ ಬಿಗಿ ಕುಬಸದಲ್ಲಿ ಎರಡೂ ಕೈ ಬೆದರುಬೊಂಬೆಯಂತೆ ಚಾಚಿ ನಿಂತಿದ್ದಳು. ಹುಕ್ಕುಗಳೆಲ್ಲ ಒಂದರ ಮನೆಗೆ ಇನ್ನೊಂದು ಹೋಗಿ ಕೂತಿದ್ದವು. ನನಗೆ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡೆ.

ಆದರೆ ಒಂದು ಸಲ ತಪ್ಪಿಯಾಗಿತ್ತು. ಕಲಘಟಗಿಯ ನನ್ನ ಮೊದಲ ಸಾಹೇಬರು ಕಲಿಸಿದ ಒಂದು ನಿಯಮವಿದೆ. ಎರಡು ಸಲ ತಪ್ಪಿದ ಮೇಲೆ ಮೂರನೆಯ ಸಲ ಅದೇ ಮನುಷ್ಯ ಚುಚ್ಚಬಾರದು, ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಹಟಕ್ಕೆ ಬಿದ್ದವರ ಸೂಜಿ ರೋಗಿಯ ಕಡೆಗಿರುವುದಿಲ್ಲ ಎನ್ನುತ್ತಿದ್ದರು. ಬಂಗಾರದಂಥ ಮನುಷ್ಯ. ಒಂದು ಸಲ ಅವರದೇ ರಕ್ತ ತೆಗೆಯಬೇಕಾಗಿ ಬಂತು. ಧೈರ್ಯವಾಗಿ ತೋಳು ಚಾಚಿ ಕೂತು, ಸೂಜಿ ಹೇಗೆ ಹಿಡಿಯಬೇಕೆಂದು ಪಾಠ ಹೇಳುತ್ತ ಹೇಳುತ್ತ, ನಾನು ಸೂಜಿಯ ಮುಚ್ಚಳ ತೆಗೆದ ಕೂಡಲೇ ಕುರ್ಚಿಯಿಂದ ಮೆಲ್ಲಗೆ ಕೆಳಗೆ ಜಾರಿಬಿಟ್ಟರು. ಕಾಲು ಮೇಲೆತ್ತಿ ಮಲಗಿಸಿದೆ. ಕಣ್ಣು ಬಿಟ್ಟು ಆಡಿದ ಮೊದಲ ಮಾತು, "ಯಾರ ಮುಂದೂ ಹೇಳಬ್ಯಾಡವಾ." ಅಂದಿನಿಂದ ಎಲ್ಲರ ಮುಂದೂ ಹೇಳುತ್ತಿದ್ದೇನೆ, ಏಕೆಂದರೆ ಇದರಿಂದ ಕಲಿಯುವುದಿದೆ: ಚುಚ್ಚುವ ಮೊದಲು "ಹಿಂದ ಯಾವಾಗರ ಚಕ್ಕರ್ ಬಂದಿತ್ತೇನ್ರಿ?" ಎಂದು ಕೇಳಿ, ಹೌದೆಂದವರನ್ನು ಮಲಗಿಸಿಯೇ ತೆಗೆಯಿರಿ. ದೊಡ್ಡ ಮೀಸೆಯವರನ್ನು ತಪ್ಪದೆ ಕೇಳಿ.

ಅಂದು ಸೂಜಿ ದಾಟಿಸಲು ನನಗೆ ಇನ್ನೊಂದು ಕೈ ಇರಲಿಲ್ಲ. ಲ್ಯಾಬಿನ ಇನ್ನೊಬ್ಬಳು ರಜೆಯಲ್ಲಿದ್ದಳು. ಎಂದರೆ ಉಳಿದದ್ದು ಒಂದೇ ಅವಕಾಶ. ತಪ್ಪಿದರೆ ವ್ಯಾನು ಹೋಯಿತು, ಸುಗ್ಗಿಯ ತನಕ ಪಾರ್ವತೆವ್ವನಿಗೆ ಕತ್ತಲು.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೈಗೆ ಸುತ್ತಿದೆ. ತೋಳನ್ನು ಕೆಳಗೆ ಜೋಲುಬಿಡಲು ಹೇಳಿದೆ. ಕೆಲವರು ನರ ಬರಲೆಂದು ಪಟಪಟ ಹೊಡೆಯುತ್ತಾರೆ, ಹೊಡೆಯಬೇಡಿ. ಹೊಡೆದರೆ ರಕ್ತದ ಕಣ ಒಡೆದು ವರದಿ ಕೆಡುತ್ತದೆ, ರೋಗಿಯ ಮನಸ್ಸೂ ಕೆಡುತ್ತದೆ. ಸಣ್ಣ ಸಿರಿಂಜು, ತೆಳ್ಳನೆಯ ಸೂಜಿ ತೆಗೆದಿಟ್ಟುಕೊಂಡೆ. ಸಿರಿಂಜಾದರೆ ಎಳೆಯುವ ಜೋರು ನಮ್ಮ ಹೆಬ್ಬೆರಳಿನಲ್ಲಿರುತ್ತದೆ, ಮುದಿ ನರವನ್ನು ಓಲೈಸುತ್ತ ಮೆಲ್ಲಗೆ ಎಳೆಯಬಹುದು. ಪಟ್ಟಿ ಬಿಗಿದು, ಹಳೆಯ ಗುಬುಟಿನಿಂದ ದೂರಕ್ಕೆ, ಕುಬಸದ ಅಡಿಯಲ್ಲಿ ಇಷ್ಟು ಹೊತ್ತು ಅಡಗಿದ್ದ ಜಾಗದಲ್ಲಿ ಬೆರಳಾಡಿಸಿದೆ. ಏನೋ ಇದೆ. ಆದರೆ ನಾಚಿಕೆಯ ಸೊಸೆಯ ಹಾಗೆ ಮುಂದಕ್ಕೆ ಬರುತ್ತಿಲ್ಲ. ಮತ್ತೊಂದು ಹಾರ್ನು.

ಆಗ ನಾನು ಮಾಡಿದ್ದನ್ನು ನೀವು ಪರೀಕ್ಷೆಯಲ್ಲಿ ಬರೆಯಬೇಡಿ, ನಪಾಸಾಗುತ್ತೀರಿ. ಅಗದಿ ಮುಗ್ಧಳ ಹಾಗೆ ಕೇಳಿದೆ, "ಖರೇ ಹೇಳ್ರಿ, ನಿಮ್ಮಿಬ್ಬರೊಳಗ ಚೌಕಾಬಾರಾ ಚಲೋ ಆಡೋರು ಯಾರ್ರಿ?"

"ನಾನ," ಎಂದಳು ನೀಲವ್ವ ತಟ್ಟನೆ.

"ನೀನ? ನೀನ ಬೇ?" ಪಾರ್ವತೆವ್ವ ಕುರ್ಚಿಯಲ್ಲೇ ಎತ್ತರವಾದಳು. "ಸೊಸಿಯಾಗಿ ಬಂದ ವರ್ಷ ಕಟ್ಟೀ ಮನಿ ಯಾವುದು ಬಿಡೂ ಮನಿ ಯಾವುದು ಗೊತ್ತಿರಲಿಲ್ಲ ನಿಂಗ! ಕಲಿಸಿದಾಕಿ ಯಾರು?"

"ಕಲಿಸಿದಾಕೀನ ಸೋತ್ರ ನಾ ಏನ್ ಮಾಡ್ಲಿ ಯಕ್ಕಾ?"

"ಸೋಲೂದು! ಕಳ್ಳಿ! ಬಾಯಾರ, ಈಕಿ ಅತ್ತಿ ಮುಂದೂ ಕಳ್ಳಾಟ ಆಡಿದಾಕಿ!" ಪಾರ್ವತೆವ್ವನ ಮುಷ್ಟಿ ಕಲ್ಲಾಯಿತು, ಮುಖಕ್ಕೆ ರಕ್ತ ಏರಿತು, ನನ್ನ ಬೆರಳ ಕೆಳಗೆ ಆ ನಾಚಿಕೆಯ ನರ ಎದ್ದು ನಿಂತಿತು. ಎಡ ಹೆಬ್ಬೆರಳಿನಿಂದ ಚರ್ಮವನ್ನು ಕೆಳಗೆ ಜಗ್ಗಿ ಹಿಡಿದೆ, ಹೀಗೆ ಹಿಡಿಯದಿದ್ದರೆ ಮುದುಕರ ನರ ಆಚೀಚೆ ಉರುಳುತ್ತದೆ. ಚುಚ್ಚಿದೆ. ಕಪ್ಪು ಕೆಂಪು ರಕ್ತ ಸಿರಿಂಜಿಗೆ ನುಗ್ಗಿತು. ಅತ್ತೆಯ ಕಾಲದ ಕಳ್ಳಾಟ ಮುಗಿಯುವ ಮೊದಲೇ ನನ್ನ ಕೆಲಸ ಮುಗಿದಿತ್ತು. ಪಟ್ಟಿ ಬಿಚ್ಚಿ, ಸೂಜಿ ತೆಗೆದು, ತೋಳು ಮಡಚಲು ಬಿಡದೆ ನೆಟ್ಟಗೆ ಇಟ್ಟು ಹತ್ತಿ ಒತ್ತಿದೆ.

"ಯಾವಾಗ ಚುಚ್ತೀರಿ?" ಎಂದಳು ಪಾರ್ವತೆವ್ವ.

ನಾನು ಕುಣಿಯುವುದೊಂದು ಬಾಕಿ. ವರದಿ ಆಗುವ ತನಕ ವ್ಯಾನಿನವನಿಗೆ ಚಹಾದ ಮೇಲೆ ಚಹಾ ಕೊಡಿಸಿ ಕಟ್ಟಿಹಾಕಿದೆ. ಸಕ್ಕರೆ ಸರಿಯಿತ್ತು, ಎಲ್ಲವೂ ಸರಿಯಿತ್ತು. ನೀಲವ್ವ ಅವಳನ್ನು ಕೈಹಿಡಿದು ವ್ಯಾನಿನ ತನಕ ನಡೆಸಿ, ಮೆಟ್ಟಿಲನ್ನು ಕಾಲಿನಿಂದ ತಡವಿ ತೋರಿಸಿ, ಹತ್ತಿಸಿದಳು. ವ್ಯಾನು ಗೇಟು ದಾಟಿದ ಮೇಲೂ ಕೈ ಬೀಸುತ್ತಲೇ ನಿಂತಿದ್ದಳು.

ಮುಂದಿನ ಶಿಬಿರದ ದಿನ, ಸುಗ್ಗಿ ಮುಗಿದು, ಅದೇ ಬೇವಿನ ಮರದ ಕೆಳಗೆ ಜನ ಸೇರುತ್ತಿದ್ದಾಗ ಇಬ್ಬರೂ ಮತ್ತೆ ಬಂದರು. ಈ ಸಲ ಮುಂದೆ ಕಪ್ಪು ಕನ್ನಡಕದ ಪಾರ್ವತೆವ್ವ. ಅವಳ ಕೈ ಹಿಡಿದು ಹಿಂದೆ ನೀಲವ್ವ.

"ಬಾಯಾರ, ಈಕಿ ರಕ್ತ ತಗೀರಿ," ಎಂದಳು ಪಾರ್ವತೆವ್ವ. "ಈಕಿಗೂ ಕಣ್ಣ ಕಾಣೂದಿಲ್ಲ."

ಪಾರ್ವತೆವ್ವ ಸ್ಟೂಲು ಎಳೆದುಕೊಂಡು ಕೂತು ಹೇಳಿದಳು. ಕಣ್ಣು ಬಂದ ಮೇಲೆ ಕಳ್ಳತನ ಹಿಡಿಯಲೆಂದೇ ಆಟಕ್ಕೆ ಕೂತಳಂತೆ. ನೀಲವ್ವ ಸುಳ್ಳು ಎಣಿಸುತ್ತಿದ್ದುದು ಖರೆ. ಆದರೆ ತನಗೆ ಬಾರಾ ಬಿದ್ದಾಗಲೂ ಮೂರು ಎಂದಳು, ಗೆಲ್ಲುವ ಆಟವನ್ನೂ ತಾನೇ ಸೋತಳು. ಪಾರ್ವತೆವ್ವನಿಗೆ ಅನುಮಾನ ಬಂದು ಕವಡಿಗಳ ನಡುವೆ ಒಂದು ಬೆಳ್ಳುಳ್ಳಿ ಎಸಳು ಇಟ್ಟಳಂತೆ. "ಅದನ್ನೂ ಎಣಿಸಿದ್ಲರಿ!"

ನಾನು ನೀಲವ್ವನ ಕಡೆ ತಿರುಗಿದೆ. ಆ ಬಿಳಿ ಕೋಟು, ಆ ಹುಕ್ಕು, ಆ ಮೆಟ್ಟಿಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅಂದು ಅವಳ ತೋಳಿನ ಮೇಲಿನ ಕುಬಸ ನೋಡಿ ನಕ್ಕವಳು ನಾನು, ಕಣ್ಣು ನೋಡಿರಲಿಲ್ಲ.

"ಅವತ್ತ ಯಾಕ ಹೇಳಲಿಲ್ರಿ? ಇಬ್ಬರಿಗೂ ಕೂಡೇ ಆಗ್ತಿತ್ತಲ್ಲ," ಎಂದೆ.

"ಇಬ್ರಿಗೂ ಕಾಣೂದಿಲ್ಲಂದ್ರ ಈಕಿ ಮನಿ ಬಿಟ್ಟು ಹೊರಗ ಬರತಿದ್ಲೇನ್ರಿ?" ಎಂದಳು ನೀಲವ್ವ. "ಅಂಜಬುರುಕಿ ಈಕಿ. ನಂಗ ಕಾಣತೈತಿ ಅಂತ ಕೈ ಹಿಡದು ಬಂದ್ಲು."

"ಶಲವಡಿಯಿಂದ ಇಲ್ಲೀತನಾ ಹ್ಯಾಂಗ ಕರಕೊಂಡ ಬಂದ್ರಿ?"

"ಕಂಡಕ್ಟರ್ ಒದರೂದ ಕೇಳತಿದ್ದೆ. ಬ್ಯಾರೆಯವರು ಇಳದಾಗ ಇಳದ್ವಿ."

ನನಗೆ ನಗು ಬಂತು, ಅಳು ಬಂತು, ಯಾವುದಕ್ಕೆ ಮೊದಲು ದಾರಿ ಬಿಡಬೇಕೋ ತಿಳಿಯಲಿಲ್ಲ. ಕೆಲಸಕ್ಕೆ ಕೈ ಹಾಕುವುದೇ ಒಳ್ಳೆಯದೆಂದು ಪಟ್ಟಿ ತೆಗೆದುಕೊಂಡೆ. ಪಾರ್ವತೆವ್ವ ಆಗಲೇ ನನ್ನ ಕೆಲಸ ತನ್ನ ಕೈಗೆ ತೆಗೆದುಕೊಂಡಿದ್ದಳು. "ನೀರ ಕುಡಿಸೇ ಕರಕೊಂಡ್ ಬಂದೀನ್ರಿ. ಕುಬಸ ಸಡ್ಲಂದ ಹಾಕ್ಸೀನಿ. ಏ ನೀಲಿ, ಮುಷ್ಟಿ ಬಿಗಿ ಹಿಡಿ. ಹೆದರಬ್ಯಾಡ, ಇರುವಿ ಕಡದಂಗ ಅಕ್ಕೈತಿ." ನೀಲವ್ವನ ಇನ್ನೊಂದು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನರ ಮೊದಲ ಸಲಕ್ಕೇ ಸಿಕ್ಕಿತು.

ಹತ್ತಿ ಒತ್ತುತ್ತ ನೀಲವ್ವನನ್ನು ಕೇಳಿದೆ, "ಕಣ್ಣ ಬಂದ ಮ್ಯಾಲ ಮೊದ್ಲ ಏನ್ ನೋಡ್ತೀರಿ?"

"ಈಕಿ ಕವಡಿ ಎಣಸೂದ ನೋಡ್ತೀನ್ರಿ," ಎಂದಳು ನೀಲವ್ವ. "ಆಪರೇಷನ್ ಆಗಿ ಬಂದಾಗಿಂದ ಬರೇ ಈಕೀನ ಗೆಲ್ಲಾಕತ್ಯಾಳ."

ಪಾರ್ವತೆವ್ವ ಕಪ್ಪು ಕನ್ನಡಕ ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು. "ಏಳ ಏಳ, ವ್ಯಾನ್ ಬಂತು, ಹೋಗೂಣು," ಎಂದಳು.

ವ್ಯಾನು ಇನ್ನೂ ಬಂದಿರಲಿಲ್ಲ.